ವನ್ಸ್ ಮೋರ್

ಕಳೆದ ವರ್ಷ ಹುತ್ತರಿ ಕಳೆದು ಕಾಫಿ ಕೊಯ್ಲು ಶುರುವಾಗಿದ್ದ ಒಂದು ಸೋಮವಾರ. ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಒಬ್ಬ ತಾಯಿ ನಮ್ಮ ಶಾಲೆಯ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ತೋಟದ ಕೆಲಸಕ್ಕೆ ಹೊರಟ ವೇಷ. ತಲೆಗೆ ವಸ್ತ್ರ, ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ. ಪಕ್ಕದಲ್ಲಿ ಒಂಬತ್ತನೇ ತರಗತಿಯಲ್ಲಿ ಓದುವ ಮಗಳು. ಹುಡುಗಿಯ ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗುತ್ತಿತ್ತು.

“ಟೀಚರ್, ನೀವೇ ಹೇಳಿ. ಆ ಸೈಕಲನ್ನು ಗುಜರಿಗೆ ಹಾಕಿಬಿಡ್ಲಾ? ಇವಳಿಗೆ ಎಂತ ಹುಚ್ಚೋ ಗೊತ್ತಿಲ್ಲ. ಮುಂದಿನ ಚಕ್ರ ಎತ್ತಿ ಹಿಂದಿನ ಒಂದೇ ಚಕ್ರದಲ್ಲಿ ಓಡಿಸ್ತಾಳಂತೆ. ಹೆಣ್ಣುಮಗು ಮಾಡುವ ಕೆಲಸವಾ ಇದು?”

ಕೊರಳಪಟ್ಟಿಯ ಎಲುಬು ಬಿರುಕು ಬಿಟ್ಟಿತ್ತು. ಆರು ವಾರ ಕೈ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ಸೈಕಲು ಹುಡುಗಿಯ ಅಕ್ಕನಿಗೆ ಎಂಟನೇ ತರಗತಿಯಲ್ಲಿ ಸರ್ಕಾರದಿಂದ ಬಂದದ್ದು, ಬ್ರೇಕಿನ ರಬ್ಬರು ಸವೆದುಹೋಗಿತ್ತು. ಹೇಗೆ ಬಿದ್ದೆ ಎಂದು ಕೇಳಿದೆ. ಅವಳು ನೆಲ ನೋಡುತ್ತಲೇ ಹೇಳಿದಳು: “ಎರಡು ಸಲ ಸರಿಯಾಗಿಯೇ ಬಂತು ಟೀಚರ್. ಮೊಬೈಲಲ್ಲಿ ಚಂದ ಬಂದಿಲ್ಲ, ಇನ್ನೊಂದ್ಸಲ ಮಾಡು ಅಂದ್ರು. ಮೂರನೇ ಸಲ ಬಿದ್ದೆ.”

ಆ ‘ಇನ್ನೊಂದ್ಸಲ’ ಎಂಬ ಮಾತು ಕೇಳಿದ್ದೇ ನನಗೆ ಒಳಗೆಲ್ಲೋ ಚುಚ್ಚಿದಂತಾಯಿತು. “ಒಂದು ವಾರ ತಡೀರಿ, ಭಾನುವಾರ ನಾನೇ ಬಂದು ಹೇಳ್ತೇನೆ” ಎಂದು ಆ ತಾಯಿಯನ್ನು ಕಳುಹಿಸಿದೆ. ಇತಿಹಾಸ ಪಾಠ ಮಾಡುವವಳಿಗೆ ಇದೊಂದು ಚಟ. ಇವತ್ತಿನ ಪ್ರಶ್ನೆ ಕೇಳಿದರೆ ಹಿಂದಕ್ಕೆ ಹೋಗಿ ಹುಡುಕುತ್ತಾಳೆ. ಆ ವಾರವೆಲ್ಲ ನಾನು ಮಾಡಿದ್ದು ಅದನ್ನೇ.

ನಮ್ಮ ಚೆಟ್ಟಳ್ಳಿ ನೋಡದವರಿಗಾಗಿ ಎರಡು ಮಾತು. ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿದೆ ನಮ್ಮೂರು. ಎರಡೂ ಕಡೆ ಕಾಫಿ ತೋಟ, ಸಿಲ್ವರ್ ಮರಗಳಿಗೆ ಹಬ್ಬಿದ ಕರಿಮೆಣಸು, ತಗ್ಗಿನಲ್ಲಿ ಗದ್ದೆಬಯಲು. ಹೊರಗಿನವರು ನಮ್ಮೂರಿನ ಹೆಸರು ಕೇಳಿದ್ದರೆ ಅದು ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರದಿಂದ, ಇಲ್ಲವೇ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ. ರಸ್ತೆ ಎಂದರೆ ಏರು, ತಿರುವು, ಇಳಿಜಾರು. ಸೈಕಲ್ಲಿಗೆ ಹೇಳಿಸಿದ ಊರೇ ಅಲ್ಲ. ನನ್ನ ಅಪ್ಪ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ಅವರ ಬಳಿ ಒಂದು ಹರ್ಕ್ಯುಲಿಸ್ ಸೈಕಲ್ ಇತ್ತು. “ಏರಿನಲ್ಲಿ ನಾನು ಅದನ್ನು ಹೊರಬೇಕು, ಇಳಿಜಾರಿನಲ್ಲಿ ಅದು ನನ್ನನ್ನು ಹೊತ್ತು ಹಾಕ್ತದೆ” ಎನ್ನುತ್ತಿದ್ದರು. ಅಣ್ಣ ಅದೇ ಸೈಕಲ್ಲಿನಲ್ಲಿ ಕಾಫಿ ಕಣದಲ್ಲಿ ಒಳಪೆಡಲು ತುಳಿದು ಕಲಿತ. ನನಗೆ ಅದರ ಗಂಟೆ ಬಾರಿಸಲು ಮಾತ್ರ ಅಪ್ಪಣೆ.

ಇಂಥ ಊರಿಗೆ 1980ರಲ್ಲಿ, ನಾನು ಐದನೇ ತರಗತಿಯಲ್ಲಿದ್ದಾಗ, ಸೈಕಲ್ ಸರ್ಕಸ್ ಬಂತು. ನನ್ನ ವಯಸ್ಸಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟಿ.ವಿ. ಮನೆಮನೆಗೆ ಬರುವ ಮೊದಲು ಕರ್ನಾಟಕದ ಊರೂರಿಗೂ ಸೈಕಲ್ ಸರ್ಕಸ್ಸಿನವರು ಬರುತ್ತಿದ್ದರು. ಡೇರೆ ಇಲ್ಲ, ಟಿಕೆಟ್ ಇಲ್ಲ, ಹುಲಿ ಸಿಂಹಗಳಿಲ್ಲ. ಶಾಲೆಯ ಮೈದಾನದಲ್ಲೋ ಕೊಯ್ಲಾದ ಗದ್ದೆಯಲ್ಲೋ ನಡುವೆ ಒಂದು ಕಂಬ, ಸುತ್ತ ಸುಣ್ಣದ ಗೆರೆ, ಒಂದು ಮೈಕು, ಸಿನಿಮಾ ಹಾಡು. ಒಬ್ಬ ಸವಾರ ಐದು ದಿನವೋ ಏಳು ದಿನವೋ ಕಾಲು ನೆಲಕ್ಕೆ ತಾಗಿಸದೆ ಸೈಕಲ್ ತುಳಿಯುತ್ತೇನೆಂದು ಪಣ ತೊಡುತ್ತಿದ್ದ. ಊಟ, ಸ್ನಾನ, ಗಡ್ಡ ಹೆರೆಯುವುದು, ಅಂಗಿ ಬದಲಿಸುವುದು ಎಲ್ಲವೂ ಸೈಕಲ್ಲಿನ ಮೇಲೆಯೇ. ಸಂಜೆ ಜನ ಸೇರಿದಾಗ ಆಟಗಳು. ಹಿಮ್ಮುಖವಾಗಿ ಕೂತು ಓಡಿಸುವುದು, ಓಡುತ್ತಲೇ ಬಾಗಿ ನೆಲದ ಮೇಲಿನ ಕರವಸ್ತ್ರವನ್ನು ಹಲ್ಲಿನಲ್ಲಿ ಎತ್ತುವುದು, ಐದಾರು ಜನರನ್ನು ಹೇರಿಕೊಂಡು ಸುತ್ತುವುದು, ಎದೆಯ ಮೇಲೆ ಟ್ಯೂಬ್‌ಲೈಟ್ ಒಡೆಸಿಕೊಳ್ಳುವುದು. ಕೊನೆಯ ದಿನ ಮಣ್ಣಿನಡಿ ಹೂತುಕೊಂಡು ಎದ್ದು ಬರುವುದೂ ಇತ್ತು. ಮೆಚ್ಚಿದವರು ನೋಟನ್ನು ಅಂಗಿಗೆ ಪಿನ್ನು ಹಾಕಿ ಸಿಕ್ಕಿಸುತ್ತಿದ್ದರು. ಅವರ ಹೆಸರು ಮೈಕಿನಲ್ಲಿ ಮೊಳಗುತ್ತಿತ್ತು. ಅದೇ ಅವರ ಸಂಪಾದನೆ.

ಅವರು ನಮ್ಮೂರಿಗೆ ಬಂದದ್ದು ಫೆಬ್ರುವರಿಯಲ್ಲಿ. ಅದರಲ್ಲೂ ಲೆಕ್ಕಾಚಾರವಿತ್ತೆಂದು ಈಗ ಅನ್ನಿಸುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಡಗಿನ ಮಳೆಯಲ್ಲಿ ಬಯಲಾಟ ಸಾಧ್ಯವೇ ಇಲ್ಲ. ಫೆಬ್ರುವರಿಯಲ್ಲಾದರೆ ಗದ್ದೆ ಕೊಯ್ಲು ಮುಗಿದಿರುತ್ತದೆ, ಲೈನ್ ಮನೆಗಳಲ್ಲಿ ಕಾಫಿ ಕೊಯ್ದ ಬಟವಾಡೆಯ ಕಾಸು ಇರುತ್ತದೆ. ಸವಾರ ಬಯಲುಸೀಮೆಯ ಕಡೆಯ ಯುವಕ. ಜೊತೆಗೆ ಮೈಕಿನವನೊಬ್ಬ, ಹೆಣ್ಣುವೇಷ ಹಾಕಿ ಕುಣಿಯುವವನೊಬ್ಬ, ಅಡುಗೆ ಮಾಡುವ ಒಬ್ಬ ಮುದುಕಿ, ಸವಾರನ ತಂಗಿ. ಆ ತಂಗಿಗೆ ನನ್ನದೇ ವಯಸ್ಸು. ಮಿಣುಕು ಅಂಟಿಸಿದ ಗುಲಾಬಿ ಬಣ್ಣದ ಅಂಗಿ, ಬಿಗಿಯಾಗಿ ಹೆಣೆದ ಎರಡು ಜಡೆ. ಓಡುವ ಸೈಕಲ್ಲಿನ ಹಿಂದಿನಿಂದ ಹತ್ತಿ ಅಣ್ಣನ ಹೆಗಲ ಮೇಲೆ ನಿಂತು, ಎರಡೂ ಕೈ ಚಾಚಿ, ಮೈದಾನದ ಒಂದು ಸುತ್ತು ಬರುತ್ತಿದ್ದಳು. ಗಂಟೆ ಬಾರಿಸಲಷ್ಟೇ ಅಪ್ಪಣೆಯಿದ್ದ ನನಗೆ ಅವಳು ಬೇರೆ ಯಾವುದೋ ಲೋಕದವಳಂತೆ ಕಂಡಿದ್ದಳು.

ನಾಲ್ಕನೆಯ ರಾತ್ರಿ. ಪೆಟ್ರೋಮ್ಯಾಕ್ಸ್ ಬೆಳಕು, ಊರಿಗೆ ಊರೇ ಸೇರಿತ್ತು. ಅವಳು ಸುತ್ತು ಮುಗಿಸಿ ಕೆಳಗೆ ಹಾರಿದಾಗ ಹಿಂದಿನಿಂದ ಯಾರೋ “ವನ್ಸ್ ಮೋರ್!” ಎಂದು ಕೂಗಿದರು. ಕಂಪನಿ ನಾಟಕಗಳಿಂದ ಬಂದ ಕೂಗು ಅದು. ಸತ್ತು ಬಿದ್ದ ಪಾತ್ರಧಾರಿ ವನ್ಸ್ ಮೋರ್ ಕೇಳಿ ಎದ್ದು ಕೂತು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸತ್ತ ಕಥೆಗಳನ್ನು ಹಿರಿಯರು ಹೇಳಿ ನಗಿಸುತ್ತಿದ್ದರು. ಹಾಡಾದರೆ ಇನ್ನೊಮ್ಮೆ ಹಾಡಬಹುದು. ಅವತ್ತು ಮಕ್ಕಳೆಲ್ಲ ಆ ಕೂಗನ್ನು ಹಿಡಿದುಕೊಂಡೆವು. “ವನ್ಸ್ ಮೋರ್, ವನ್ಸ್ ಮೋರ್” ಎಂದು ಚಪ್ಪಾಳೆಯ ತಾಳಕ್ಕೆ ಕಿರುಚಿದೆವು. ನನ್ನ ಧ್ವನಿ ಎಲ್ಲರಿಗಿಂತ ಮೇಲಿತ್ತು. ಅವಳು ಅಣ್ಣನ ಮುಖ ನೋಡಿದಳು. ಅವನು ನಾಲ್ಕು ರಾತ್ರಿ ನಿದ್ದೆಗೆಟ್ಟ ಮನುಷ್ಯ. ತಲೆಯಾಡಿಸಿದ. ಅವಳು ಮತ್ತೆ ಹತ್ತಿದಳು.

ಅರ್ಧ ಸುತ್ತಿನಲ್ಲಿ ಹ್ಯಾಂಡಲ್ ಒಮ್ಮೆ ಅಲುಗಿತು. ಅವಳು ಬಿದ್ದ ಸದ್ದು ಮೈಕಿನ ಹಾಡಿನಲ್ಲಿ ಕೇಳಿಸಲಿಲ್ಲ. ಮಿಣುಕಿನ ಅಂಗಿ ನೆಲದಲ್ಲಿ ಮುದ್ದೆಯಾಗಿ ಬಿದ್ದದ್ದು ಮಾತ್ರ ಕಾಣಿಸಿತು. ಅಣ್ಣ ಸೈಕಲ್ಲಿನಿಂದ ಇಳಿಯಲಿಲ್ಲ. ಕಾಲು ನೆಲಕ್ಕೆ ಇಟ್ಟರೆ ಪಣ ಮುರಿಯಿತು. ನಾಲ್ಕು ದಿನದ ದುಡಿಮೆ, ಐದನೇ ದಿನದ ಹಾರ, ಮುಂದಿನ ಊರಿನ ಮರ್ಯಾದೆ ಎಲ್ಲ ಹೋಯಿತು. ಅವನು ಸುತ್ತುತ್ತಲೇ ಇದ್ದ, ಪ್ರತಿ ಸುತ್ತಿನಲ್ಲೂ ಕತ್ತು ತಿರುಗಿಸಿ ತಂಗಿ ಬಿದ್ದ ಜಾಗವನ್ನು ನೋಡುತ್ತ. “ಇಳಿಯಪ್ಪಾ, ಯಾರೂ ಏನೂ ಹೇಳೋದಿಲ್ಲ” ಎಂದು ಹೆಡ್‌ಮಾಸ್ಟರು ಕೂಗಿದರು. ಅವನು ಇಳಿಯಲಿಲ್ಲ. ಜನ ಗೆರೆಯ ಹೊರಗೇ ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೆರೆ ದಾಟಿ ಒಳಗೆ ಹೋದವರು ನನ್ನ ಅಮ್ಮ.

ಆ ರಾತ್ರಿ ಆ ಹುಡುಗಿ ನಮ್ಮ ಮನೆಯಲ್ಲಿ ಮಲಗಿದಳು. ತೋಟದ ಕಂಪೌಂಡರ್ ಬಂದು ಬಿದಿರ ಸೀಳಿಟ್ಟು ಮುಂಗೈ ಕಟ್ಟಿ ಹೋದರು. ಅಮ್ಮ ಅರಸಿನ ಹಾಕಿದ ಬಿಸಿ ಹಾಲು ಕೊಟ್ಟರು. ಅವಳ ಮೊಣಕೈ, ಮೊಣಕಾಲು, ಗದ್ದದ ಕೆಳಗೆ ಹಳೆಯ ಗಾಯದ ಗುರುತುಗಳಿದ್ದವು. ಹೆದರಿಕೆ ಆಗೋದಿಲ್ವಾ ಎಂದು ಕೇಳಿದೆ. “ಮೇಲೆ ನಿಂತಾಗ ಕಾಲು ನಡುಗುತ್ತೆ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಆದ್ರೆ ಅಲ್ಲಿ ನಿಂತ್ರೆ ಎಲ್ರ ತಲೆನೂ ನನ್ನ ಕೆಳಗಿರುತ್ತೆ. ಅದೊಂದು ಖುಷಿ” ಎಂದಳು. ನಾನು ಕೂಗಿದ್ದನ್ನು ಅವಳಿಗೆ ಹೇಳಲಿಲ್ಲ. ಮಾರನೆಯ ದಿನ ಅವಳು ಕೈ ಕಟ್ಟಿಕೊಂಡೇ ತಟ್ಟೆ ಹಿಡಿದು ಜನರ ನಡುವೆ ಬಂದಳು. ಅವತ್ತು ತಟ್ಟೆಗೆ ಹೆಚ್ಚು ಕಾಸು ಬಿತ್ತು. ಅದರ ಮಾರನೆಯ ದಿನ ಅವರು ಹೋದರು. ಅವಳ ಹೆಸರನ್ನು ನಾನು ಮರೆತಿಲ್ಲ. ಆದರೆ ಇಲ್ಲಿ ಬರೆಯುವುದಿಲ್ಲ.

ಬೀಳುವ ಭಯವೂ ಏರುವ ಖುಷಿಯೂ ಸೈಕಲ್ ಹುಟ್ಟಿದಂದಿನಿಂದಲೇ ಅದರ ಜೊತೆಗಿವೆ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಮರದ ಓಡುಯಂತ್ರಕ್ಕೆ ಪೆಡಲೇ ಇರಲಿಲ್ಲ, ಕಾಲಲ್ಲಿ ನೆಲ ಒದ್ದು ಮುಂದೆ ಹೋಗಬೇಕಿತ್ತು. 1870ರ ದಶಕದಲ್ಲಿ ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರವಿದ್ದ ಸೈಕಲ್ ಬಂತು. ದಾರಿಯಲ್ಲಿ ಒಂದು ಕಲ್ಲು ಸಿಕ್ಕಿದರೂ ಸವಾರ ತಲೆಕೆಳಗಾಗಿ ಮುಂದಕ್ಕೆ ಬೀಳುತ್ತಿದ್ದ. ಅಂಥ ಬೀಳುವಿಕೆಗೆ ‘ಹೆಡರ್’ ಎಂದು ಒಂದು ಹೆಸರೇ ಇತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡು ಸಮ ಚಕ್ರಗಳ ರೋವರ್ ಮಾಡಿದಾಗ ಅದನ್ನು ‘ಸುರಕ್ಷಿತ ಸೈಕಲ್’ ಎಂದೇ ಕರೆದರು. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟಯರನ್ನು ತಂದರು. ಸೈಕಲ್ ಹೆಂಗಸರ ಕೈಗೂ ಬಂದದ್ದು ಆಮೇಲೆ. 1894ರಲ್ಲಿ ಆನಿ ಲಂಡನ್‌ಡೆರಿ ಎಂಬ ಹೆಸರಿಟ್ಟುಕೊಂಡ ಅಮೆರಿಕದ ಮೂರು ಮಕ್ಕಳ ತಾಯಿಯೊಬ್ಬಳು ಸೈಕಲ್ ಸಮೇತ ಪ್ರಪಂಚ ಸುತ್ತಲು ಹೊರಟಳು. ದಾರಿಯಲ್ಲಿ ಬಿದ್ದು ಮಣಿಕಟ್ಟು ಮುರಿದರೂ ಪಟ್ಟಿ ಕಟ್ಟಿಕೊಂಡೇ 1895ರಲ್ಲಿ ಪ್ರಯಾಣ ಮುಗಿಸಿದಳು.

ಸೈಕಲ್ ಸುರಕ್ಷಿತವಾಯಿತು ಎಂದ ಕೂಡಲೇ ಅದನ್ನು ಮತ್ತೆ ಅಪಾಯದ ಆಟ ಮಾಡಿದವರು ಸರ್ಕಸ್ಸಿನವರು. 1900ರ ದಶಕದ ಆರಂಭದಲ್ಲಿ ಅಮೆರಿಕದ ಸರ್ಕಸ್ಸುಗಳಲ್ಲಿ ‘ಡಯಾವೊಲೊ’ ಎಂಬ ಹೆಸರಿನ ಸವಾರ ಎತ್ತರದ ಇಳಿಜಾರಿನಿಂದ ಸೈಕಲ್ಲಿನಲ್ಲಿ ಬಂದು, ದೊಡ್ಡ ಬಳೆಯಂತಿದ್ದ ದಾರಿಯೊಳಗೆ ತಲೆಕೆಳಗಾಗಿ ಒಂದು ಸುತ್ತು ಹಾಕುತ್ತಿದ್ದ. ಆ ಹೆಸರಿನ ಅರ್ಥವೇ ಸೈತಾನ.

ನಮ್ಮ ದೇಶದ ಕಥೆ ಕೊಡಗಿನ ಬಾಗಿಲಲ್ಲೇ ಇದೆ. ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದು ಇರಿಟ್ಟಿ ದಾಟಿದರೆ ತಲಶ್ಶೇರಿ. ಹಿಂದೆ ಕೊಡಗಿನ ಕಾಫಿ ಹಡಗು ಹತ್ತಲು ಹೋಗುತ್ತಿದ್ದ ಊರು ಅದು. 1880ರಲ್ಲಿ ಭಾರತದ ಮೊದಲ ಸರ್ಕಸ್ ಕಂಪನಿ ಕಟ್ಟಿದವರು ಮಹಾರಾಷ್ಟ್ರದ ವಿಷ್ಣುಪಂತ ಛತ್ರೆ. ಅವರ ಸ್ಪೂರ್ತಿಯಿಂದ ತಲಶ್ಶೇರಿಯ ಕಸರತ್ತಿನ ಗುರು ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಚಿರಕ್ಕರದಲ್ಲಿ ಸರ್ಕಸ್ ಶಾಲೆ ತೆರೆದರು. ದೇಶದ ದೊಡ್ಡ ದೊಡ್ಡ ಸರ್ಕಸ್ಸುಗಳಿಗೆ ಕಲಾವಿದರು ಹೋದದ್ದು ಆ ಊರಿನಿಂದ, ಹುಡುಗಿಯರೂ ಸೇರಿದಂತೆ. ಒಂದೇ ಸೈಕಲ್ಲಿನ ಮೇಲೆ ಹತ್ತಾರು ಹುಡುಗಿಯರು ನವಿಲುಗರಿಯಂತೆ ಬಿಚ್ಚಿಕೊಂಡು ಸುತ್ತುವ ಆಟವನ್ನು ದೊಡ್ಡ ಸರ್ಕಸ್ಸಿನಲ್ಲಿ ನೀವೂ ನೋಡಿರುತ್ತೀರಿ. ಅಲ್ಲಿ ಗುರುವಿದ್ದರು, ತಾಲೀಮಿತ್ತು, ಕೆಳಗೆ ಹಿಡಿಯುವ ಕೈಗಳಿದ್ದವು. ಅದನ್ನೇ ಕಣ್ಣಲ್ಲಿ ತುಂಬಿಕೊಂಡು ಹಳ್ಳಿಯ ಬಯಲಿಗೆ ತಂದ ಬಡವರಿಗೆ ಇದ್ದದ್ದು ಒಂದು ಸೈಕಲ್, ಒಂದು ಮೈಕು, ಒಂದು ಪಣ. ದೊಡ್ಡ ಸರ್ಕಸ್ಸಿನಲ್ಲೂ ಮಕ್ಕಳ ಬಾಳು ಹೂವಿನ ಹಾಸಿಗೆಯಾಗಿರಲಿಲ್ಲ. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2011ರ ಏಪ್ರಿಲ್‌ನಲ್ಲಿ. ನಮ್ಮ ಮನೆಯಲ್ಲಿ ಮಲಗಿದ್ದ ಹುಡುಗಿಗೆ ಅದು ಮೂವತ್ತೊಂದು ವರ್ಷ ತಡವಾಗಿತ್ತು.

1987ರಲ್ಲಿ ‘ರಾಮಾಯಣ’ ಧಾರಾವಾಹಿ ಶುರುವಾದ ಮೇಲೆ ಸಂಜೆಯ ಮನರಂಜನೆ ಒಂದೊಂದಾಗಿ ಮನೆಯೊಳಗೆ ಬಂತು, ನಮ್ಮ ಕಡೆ ಸೈಕಲ್ ಸರ್ಕಸ್ ಕಡಿಮೆಯಾಯಿತು. ಅಷ್ಟರಲ್ಲಿ ಸಮುದ್ರದಾಚೆ ಅದೇ ಹುಚ್ಚು ಬೇರೆ ರೂಪ ತಾಳಿತ್ತು. 1970ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದ ಮಕ್ಕಳು ಮೋಟರ್‌ಬೈಕ್ ರೇಸಿನವರನ್ನು ಅನುಕರಿಸಿ, ಪುಟ್ಟ ಸೈಕಲ್ಲುಗಳಲ್ಲಿ ಮಣ್ಣಿನ ದಿಬ್ಬ ಹಾರಿಸತೊಡಗಿದರು. ಬಿಎಂಎಕ್ಸ್ ಎಂಬ ಆಟ ಹುಟ್ಟಿದ್ದು ಹಾಗೆ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಅದರ ಓಟ ಸೇರಿತು. ಕೋವಿಡ್‌ನಿಂದಾಗಿ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗಾಳಿಯಲ್ಲಿ ಲಾಗ ಹಾಕುವ ‘ಫ್ರೀಸ್ಟೈಲ್’ ಕೂಡ ಸೇರಿತು.

ಆ ಸ್ಪರ್ಧೆಯ ಒಂದು ಘಟನೆಯನ್ನು ನಾನು ಮಕ್ಕಳಿಗೆ ಈಗ ಹೇಳುತ್ತೇನೆ. ಬ್ರಿಟನ್ನಿನ ಷಾರ್ಲಟ್ ವರ್ದಿಂಗ್ಟನ್ ಮೊದಲು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದವಳು. ಹಿಮ್ಮುಖ ಲಾಗ ಹಾಕುತ್ತಲೇ ಪೂರ್ತಿ ಒಂದು ಸುತ್ತು ತಿರುಗುವ ಆಟವನ್ನು ಅಲ್ಲಿಯವರೆಗೆ ಯಾವ ಹೆಣ್ಣೂ ಸ್ಪರ್ಧೆಯಲ್ಲಿ ಮಾಡಿರಲಿಲ್ಲ. ಮೊದಲ ಅವಕಾಶದಲ್ಲಿ ಅವಳು ಅದಕ್ಕೆ ಹೋಗಿ ಬಿದ್ದಳು. ಎರಡನೆಯ ಅವಕಾಶದಲ್ಲಿ ಅದನ್ನೇ ಮತ್ತೆ ಮಾಡಿ ನೇರ ಇಳಿದಳು. 97.5 ಅಂಕ, ಚಿನ್ನದ ಪದಕ. ಅವಳೂ ‘ವನ್ಸ್ ಮೋರ್’ ಅಂದದ್ದೇ. ಆದರೆ ಹಾಗೆ ಅಂದುಕೊಂಡದ್ದು ಅವಳು ತಾನೇ. ಅದರ ಹಿಂದೆ ಬೀಳುವುದಕ್ಕೆಂದೇ ಮಾಡಿದ ಏರ್ಪಾಡುಗಳಿದ್ದವು. ಈ ಆಟ ಕಲಿಯುವವರು ಮೊದಲು ಸ್ಪಂಜಿನ ತುಂಡು ತುಂಬಿದ ಹೊಂಡದೊಳಗೆ, ಆಮೇಲೆ ಮೆತ್ತೆ ಹಾಸಿದ ಇಳಿಜಾರಿನ ಮೇಲೆ ಬಿದ್ದು ಬಿದ್ದು ಪಳಗುತ್ತಾರೆ. ತಲೆಗೆ ಹೆಲ್ಮೆಟ್ ಇಲ್ಲದೆ ಸ್ಪರ್ಧೆಗೆ ಇಳಿಸುವುದಿಲ್ಲ.

ಹಾಗೆಂದು ಎಲ್ಲ ಏರ್ಪಾಡೂ ಎಲ್ಲರನ್ನೂ ಕಾಯುವುದಿಲ್ಲ. ಬ್ರಿಟನ್ನಿನವನೇ ಆದ ಸ್ಟೀಫನ್ ಮರ್ರೆ 2007ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಗಾಳಿಯಲ್ಲಿ ಎರಡು ಹಿಮ್ಮುಖ ಲಾಗ ಹಾಕಲು ಹೋಗಿ ತಲೆಕೆಳಗಾಗಿ ಬಿದ್ದ. 27ನೆಯ ವಯಸ್ಸಿನಲ್ಲಿ ಕತ್ತಿನಿಂದ ಕೆಳಗೆ ಚಲನೆ ಕಳೆದುಕೊಂಡ. ಹತ್ತಾರು ಪದಕ ಗೆದ್ದ ಅಮೆರಿಕದ ಡೇವ್ ಮಿರ್ರಾ 2016ರಲ್ಲಿ, 41ನೆಯ ವಯಸ್ಸಿನಲ್ಲಿ, ತಾನೇ ಜೀವ ಕಳೆದುಕೊಂಡ. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣುವ ಮಿದುಳಿನ ರೋಗ ಅವನಲ್ಲಿದ್ದದ್ದು ಆಮೇಲೆ ಪರೀಕ್ಷೆಯಿಂದ ತಿಳಿಯಿತು. ಚಪ್ಪಾಳೆ ಎಂದೋ ಮುಗಿದಿರುತ್ತದೆ, ಪೆಟ್ಟು ಒಳಗೆ ಕೂತಿರುತ್ತದೆ.

ಇಷ್ಟು ಓದಿದ ಮೇಲೆ ನಿಮಗೂ ಆ ತಾಯಿಯಂತೆ ‘ಗುಜರಿಗೇ ಹಾಕುವುದು ಒಳ್ಳೆಯದು’ ಅನ್ನಿಸಬಹುದು. ನನಗೂ ಒಂದು ಕ್ಷಣ ಅನ್ನಿಸಿತ್ತು. ಆದರೆ ಹೆಂಗಸರ ಇತಿಹಾಸ ನೆನಪಿಗೆ ಬಂತು. 1992ರ ಸುಮಾರಿಗೆ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿಯ ಹೆಂಗಸರು ಸೈಕಲ್ ಕಲಿತರು. ಅವರೂ ಬಿದ್ದೇ ಕಲಿತದ್ದು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂದಾಗ, ದೂರದ ಲೈನ್ ಮನೆಗಳ ಹುಡುಗಿಯರು ಮಂಡಿ ತರಚಿಕೊಂಡು ಬಂದು, ಅದನ್ನೇ ಹೆಮ್ಮೆಯಿಂದ ನನಗೆ ತೋರಿಸುತ್ತಿದ್ದರು. ‘ಬಿದ್ದೀಯೆ ಜೋಕೆ’ ಎಂಬ ಒಂದೇ ಮಾತಿನಲ್ಲಿ ನನ್ನನ್ನು ಬೆಳೆಸಿದರು. ಐವತ್ತು ದಾಟಿದ ನನಗೆ ಇವತ್ತಿಗೂ ಸೈಕಲ್ ಬರುವುದಿಲ್ಲ.

ಖುಷಿ ಸುಳ್ಳಲ್ಲ. ಅಪಾಯದ ಅಂಚಿನಲ್ಲಿ ಮೈಯೊಳಗೆ ಅಡ್ರಿನಲಿನ್ ಹರಿಯುತ್ತದೆ, ಎದೆ ಬಡಿತ ಏರುತ್ತದೆ, ಕಣ್ಣು ಚುರುಕಾಗುತ್ತದೆ. ಆದದ್ದು ಸಾಧಿಸಿದ ಮೇಲೆ ಬರುವ ಹಗುರ ಬೇರೆ ಯಾವುದರಲ್ಲೂ ಸಿಗದು. ಅದರ ಹಿಂದಿನ ವಿದ್ಯೆಯೂ ಸಣ್ಣದಲ್ಲ. ಶಾಲೆಯ ಕ್ರೀಡಾದಿನದ ನಿಧಾನ ಸೈಕಲ್ ಸ್ಪರ್ಧೆ ನೆನಪಿಸಿಕೊಳ್ಳಿ. ವೇಗವಾಗಿ ಹೋಗುವವನು ನಿಶ್ಚಿಂತ, ನಿಧಾನ ಹೋಗುವವನು ಕ್ಷಣಕ್ಷಣಕ್ಕೂ ಬೀಳುವ ಕಡೆಗೇ ಹ್ಯಾಂಡಲ್ ತಿರುಗಿಸಿ ಸೈಕಲನ್ನು ಮತ್ತೆ ತನ್ನ ಕೆಳಗೆ ತಂದುಕೊಳ್ಳಬೇಕು. ಒಂದು ಚಕ್ರದಲ್ಲಿ ಓಡಿಸುವಾಗ ಮೈಭಾರವನ್ನು ಹಿಂದಿನ ಚಕ್ರದ ನೇರಕ್ಕೆ ತಂದು ನಿಲ್ಲಿಸಬೇಕು. ಹಿಂದಕ್ಕೆ ಮಗುಚುತ್ತದೆ ಅನ್ನಿಸಿದಾಗ ಕಾಪಾಡುವುದು ಹಿಂದಿನ ಬ್ರೇಕು ಒಂದೇ. ಅದನ್ನು ಮೆತ್ತಗೆ ಒತ್ತಿದರೆ ಎತ್ತಿದ ಚಕ್ರ ಕೆಳಗಿಳಿಯುತ್ತದೆ. ನಮ್ಮ ಹುಡುಗಿಯ ಸೈಕಲ್ಲಿನಲ್ಲಿ ಸವೆದಿದ್ದದ್ದು ಅದೇ ಬ್ರೇಕು.

ಗೈಡ್ಸ್ ಶಿಕ್ಷಕಿಯಾಗಿ ಪ್ರಥಮ ಚಿಕಿತ್ಸೆ ಕಲಿತವಳು ನಾನು. ತಾಯಂದಿರಿಗಾಗಿ ಕೆಲವು ಮಾತು ಹೇಳಿಬಿಡುತ್ತೇನೆ. ಬೀಳುವಾಗ ಕೈ ಚಾಚುವುದು ಮನುಷ್ಯನ ಸ್ವಭಾವ. ಅದಕ್ಕೇ ಮಣಿಕಟ್ಟು, ಮುಂಗೈ, ಕೊರಳಪಟ್ಟಿಯ ಎಲುಬು ಮೊದಲು ಮುರಿಯುತ್ತವೆ. ಅವು ಕೂಡಿಕೊಳ್ಳುತ್ತವೆ. ಹೆದರಬೇಕಾದದ್ದು ತಲೆ, ಕತ್ತು ಮತ್ತು ಹೊಟ್ಟೆಗೆ. ಬಿದ್ದ ಮಗು ವಾಂತಿ ಮಾಡಿದರೆ, ಮಂಕಾದರೆ, ಕೇಳಿದ್ದನ್ನೇ ಮತ್ತೆ ಕೇಳಿದರೆ ಮಲಗಿಸಿ ಸುಮ್ಮನಿರಬೇಡಿ, ಆಸ್ಪತ್ರೆಗೆ ಹೋಗಿ. ಕತ್ತು ನೋವೆಂದರೆ ಎತ್ತಿ ಕೂರಿಸಬೇಡಿ. ಹ್ಯಾಂಡಲ್ಲಿನ ತುದಿ ಹೊಟ್ಟೆಗೆ ತಾಗಿದ್ದರೆ ಹೊರಗೆ ಬರೀ ಒಂದು ದುಂಡಗಿನ ಗುರುತು ಕಂಡೀತು, ಒಳಗೆ ಪಿತ್ತಕೋಶ, ಗುಲ್ಮ, ಕರುಳಿಗೆ ಪೆಟ್ಟಾಗಿರಬಹುದು. ಗಂಟೆಗಳ ಮೇಲೆ ಹೊಟ್ಟೆನೋವು ಹೆಚ್ಚಾದರೆ ಅರಸಿನ ಹಾಲು ಸಾಲದು. ಹೆಲ್ಮೆಟ್ಟು ಹುಬ್ಬಿನ ಮೇಲೆ ಎರಡು ಬೆರಳು ಅಂತರದಲ್ಲಿ ಕೂರಬೇಕು, ಪಟ್ಟಿ ಬಿಗಿದಿರಬೇಕು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು. ಇನ್ನೊಂದು ಮಾತು. ಸೈಕಲ್ಲಿನ ಈ ಆಟವನ್ನು ರಸ್ತೆಯ ಮೇಲೆ ಸ್ಕೂಟರಿನಲ್ಲಿ ಮಾಡಹೊರಡುವ ಗಂಡುಮಕ್ಕಳ ಅಪ್ಪ ಅಮ್ಮಂದಿರು ತಿಳಿದಿರಲಿ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಭಾನುವಾರ ಅವರ ಲೈನ್ ಮನೆಗೆ ಹೋದೆ. ಆ ತಾಯಿ ಕಪ್ಪು ಕಾಫಿಗೆ ಬೆಲ್ಲ ಹಾಕಿ ಕೊಟ್ಟರು. ನಾನು ಮೊದಲು 1980ರ ಆ ರಾತ್ರಿಯ ಕಥೆ ಹೇಳಿದೆ, ನಾನು ಕೂಗಿದ್ದನ್ನೂ ಸೇರಿಸಿ. ನಲವತ್ತೈದು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹುಡುಗಿ ಕಣ್ಣೆತ್ತಿ ನೋಡಿದಳು.

“ಸೈಕಲ್ ಗುಜರಿಗೆ ಹಾಕೋದು ಬೇಡ” ಎಂದೆ. “ಮೊದಲು ಬ್ರೇಕ್ ಸರಿ ಮಾಡಿಸಿ. ಡಾಕ್ಟರು ಹೂಂ ಅನ್ನುವವರೆಗೆ ಮುಟ್ಟಬಾರದು. ಆಮೇಲೆ ಟಾರು ರಸ್ತೆಯಲ್ಲಿ ಅಲ್ಲ, ಕೊಯ್ಲಾದ ಗದ್ದೆಯಲ್ಲಿ. ತಲೆಗೆ ಹೆಲ್ಮೆಟ್. ಮೊಬೈಲ್ ಹಿಡಿದವರು ಯಾರೂ ಹತ್ತಿರ ಇರಬಾರದು.”

“ಮೊಬೈಲ್ ಯಾಕೆ ಬೇಡ ಟೀಚರ್?” ಎಂದಳು ಹುಡುಗಿ.

“ಇನ್ನೊಂದ್ಸಲ ಮಾಡ್ಬೇಕಾ ಬೇಡ್ವಾ ಅಂತ ನೀನೇ ಹೇಳ್ಬೇಕು. ಮೊಬೈಲ್ ಹಿಡಿದವರಲ್ಲ.”

ತಾಯಿ ಬಹಳ ಹೊತ್ತು ಸುಮ್ಮನಿದ್ದರು. ನನ್ನ ಮೇಲೆ ಅವರಿಗೆ ಸಿಟ್ಟು ಬಂದಿದ್ದರೂ ಅದು ನ್ಯಾಯವೇ. ಬಿದ್ದರೆ ನೋವು ಅವರ ಮನೆಯದು, ಬಟವಾಡೆ ಹೋಗುವುದು ಅವರದು. ಕೊನೆಗೆ, “ಹೆಲ್ಮೆಟ್ ಎಲ್ಲಿ ಸಿಗ್ತದೆ ಟೀಚರ್, ಸಿದ್ದಾಪುರದಲ್ಲಾ ಮಡಿಕೇರಿಯಲ್ಲಾ?” ಎಂದು ಕೇಳಿದರು.

ಮಾರ್ಚ್ ಮೊದಲ ವಾರ ಗದ್ದೆಬಯಲಿಗೆ ನನ್ನನ್ನೂ ಕರೆದರು. ಹುಲ್ಲಿನ ಮೆದೆ ಬಿಚ್ಚಿ ನೆಲದ ಮೇಲೆ ದಪ್ಪಗೆ ಹರಡಿದ್ದರು. ಹುಡುಗಿ ಮೊದಲು ಬರೀ ಬೀಳುವುದನ್ನು ಅಭ್ಯಾಸ ಮಾಡಿದಳು. ಸೈಕಲ್ ಬಿಟ್ಟು ಹಾರುವುದು, ಕೈ ಚಾಚದೆ ಹೆಗಲು ತಿರುಗಿಸಿ ಉರುಳುವುದು. ಆಮೇಲೆ ಚಕ್ರ ಎತ್ತಿದಳು. ಮೂರು ಗಜ, ನಾಲ್ಕು ಗಜ, ಆಮೇಲೆ ಬದುವಿನವರೆಗೆ. ಅವಳ ಅಮ್ಮ ಬದುವಿನ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಅವಳು ಸೈಕಲ್ ತಿರುಗಿಸಿಕೊಂಡು ನಮ್ಮ ಕಡೆ ನೋಡಿದಳು. ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ನಾನು ಹಾಗೇ ಕೆಳಗಿಳಿಸಿದೆ, ಏನೂ ಹೇಳಲಿಲ್ಲ. ಅವಳು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಬೆವರು ಒರೆಸಿಕೊಂಡು, “ಇವತ್ತಿಗೆ ಸಾಕು ಟೀಚರ್” ಎಂದಳು. ಮೂವರೂ ಸೈಕಲ್ ತಳ್ಳಿಕೊಂಡು ಏರು ಹತ್ತಿದೆವು.